ಸಾಡೇಸಾತಿ ಮೀಮಾಂಸೆ

ಅಥಾತೋ ಬ್ಯಾಂಡ್ ಜಿಜ್ಞಾಸಾ. ಇನ್ನು ಬ್ಯಾಂಡಿನ ವಿಚಾರ. ಬ್ಯಾಂಡ್ ಎಂದ ಕೂಡಲೇ ಮದುವೆ ಮೆರವಣಿಗೆ ನೆನಪಾದವರು ಸ್ವಲ್ಪ ತಾಳಬೇಕು. ಆ ಬ್ಯಾಂಡೂ ಬಹಳ ದೂರವಿಲ್ಲ.

ಮೊದಲು ವಿಷಯ. ಈ ಪ್ರಬಂಧಕಾರನ ಅಕ್ಕನ ಮಗ ರಾಣೇಬೆನ್ನೂರಿನವನು. ಎಂ.ಟೆಕ್. ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ನೌಕರಿ ಮಾಡಿದ್ದಾನೆ. ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕಬೇಕೆಂದು ಐಇಎಲ್‌ಟಿಎಸ್ ಎಂಬ, 1989ರಿಂದ ಜಗತ್ತಿನ ನಾಲಗೆಗಳನ್ನು ತೂಗುತ್ತ ಬಂದಿರುವ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ಅದಕ್ಕೆ ನಾಲ್ಕು ಅಂಗ. ಒಂದೊಂದಕ್ಕೂ ಗರಿಷ್ಠ ಒಂಬತ್ತು ಬ್ಯಾಂಡ್. ಮೊದಲ ಸಲ ಕ್ರಮವಾಗಿ 9, 8.5, 6.5, 7 ಬಂತು. ಕೂಡಿಸಿ ಭಾಗಿಸಿದರೆ 7.75. ಇಲ್ಲಿ ಸೂತ್ರವೊಂದುಂಟು: ಕಾಲು ಉಳಿದರೆ ಅರ್ಧಕ್ಕೆ ಏರಿಸು, ಮುಕ್ಕಾಲು ಉಳಿದರೆ ಪೂರ್ಣ ಮಾಡು. ನಮ್ಮ ಪೇಟೆಯ ಯಾವ ತಕ್ಕಡಿಯೂ ಇಷ್ಟು ಧಾರಾಳಿಯಲ್ಲ. ಹಾಗೆ ಒಟ್ಟು 8 ಆಯಿತು. ಬರವಣಿಗೆ ಸಾಲಲಿಲ್ಲವೆಂದು ಇನ್ನೊಮ್ಮೆ ದುಡ್ಡು ಕಟ್ಟಿ ಕೂತ. ಈ ಸಲ 8, 7, 7, 7. ಸರಾಸರಿ 7.25, ಏರಿಸಿದ ಮೇಲೆ 7.5.

ಎರಡೂ ಹಾಳೆ ಹಿಡಿದುಕೊಂಡು ಅವನು ಬ್ಯಾಡಗಿಗೆ ಬಂದ. ನಾನು ಗುಮಾಸ್ತಿಕೆ ಮಾಡುವ ಅಡತಿ ಅಂಗಡಿಯ ಮೇಜಿನ ಮೇಲೆ ಹರವಿ, ಹಾರದಿರಲೆಂದು ಒಂದರ ಮೇಲೆ ಅರ್ಧ ಕಿಲೋ ಕಲ್ಲು, ಇನ್ನೊಂದರ ಮೇಲೆ ನನ್ನ ಚಾಳೀಸು ಇಟ್ಟು, ಎರಡು ಸಲ ಸೀನಿ ಕೇಳಿದ: "ಯಾವ್ದು ಹಾಕ್ಲಿ ಮಾಮಾ?"

ಇದೇ ಸಂಶಯ. ಇನ್ನು ಪೂರ್ವಪಕ್ಷ.

ಹಾವೇರಿ ಸಂಪ್ರದಾಯದ ಪ್ರಕಾರ ಎಂಟು ಏಳೂವರೆಗಿಂತ ದೊಡ್ಡದು. ಈ ಮತದ ಆಚಾರ್ಯರು ಹಾವೇರಿಯಲ್ಲಿರುವ ನಮ್ಮ ದೊಡ್ಡ ಮಾವನವರು. ಏಲಕ್ಕಿ ಬೆಳೆಯದ ಊರು ಏಲಕ್ಕಿ ಹಾರಕ್ಕೆ ಹೆಸರಾದದ್ದು ಹೇಗೆ ಎಂಬುದೇ ಅವರ ವಾದದ ಬುನಾದಿ. ಕೊರಳಿಗೆ ಬಿದ್ದ ಹಾರವನ್ನು ಜನ ಇಡಿಯಾಗಿ ನೋಡುತ್ತಾರೆ. ಯಾವ ಏಲಕ್ಕಿ ಪೊಳ್ಳು ಎಂದು ಯಾರೂ ಎಣಿಸಲು ಕೂರುವುದಿಲ್ಲ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಅಲ್ಲೇ ನಡೆದಾಗಿನಿಂದ ಮಾವನವರು ಯಾವ ಮಾತಿಗೂ ಅಧ್ಯಕ್ಷೀಯ ಭಾಷಣದ ಧಾಟಿಯನ್ನೇ ಹಿಡಿದಿದ್ದಾರೆ. ಹಾಗಾಗಿ ಅವರ ಉಳಿದ ಮುಕ್ಕಾಲು ಗಂಟೆಯನ್ನು ಇಲ್ಲಿ ಕೈಬಿಟ್ಟಿದೆ.

ಎಂಟರ ಪರವಾಗಿ ಅಕ್ಕ ಇನ್ನೂ ಗಟ್ಟಿಯಾದ ಪ್ರಮಾಣ ಒದಗಿಸಿದಳು. "ಏಳೂವರಿ ಬ್ಯಾಡೋ ಯಪ್ಪಾ. ಸಾಡೇಸಾತಿ ಅದು. ಶನಿನ್ನ ಕಾಗದದ ಮ್ಯಾಲೆ ಬರದ ಕೊಡ್ತೀಯೇನು?"

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು: "ಎಸ್ಸೆಸ್ಸೆಲ್ಸಿಯೊಳಗ ಪ್ರಥಮ ಭಾಷಾ 125ಕ್ಕ 121 ಬಂದಿತ್ತಲ್ಲ, ಅದನ್ನ ಹಾಕ್ರಿ."

ಸಭೆ ನಕ್ಕಿತು, ಆದರೆ ಇದು ನಗುವ ಪ್ರಶ್ನೆಯಲ್ಲ. ಕೆನಡಾದ ಅರ್ಜಿಯಲ್ಲೂ ಪ್ರಥಮ ಭಾಷೆ, ದ್ವಿತೀಯ ಭಾಷೆ ಎಂಬ ಕಾಲಮ್ಮುಗಳಿವೆ. ಅಲ್ಲಿ 1969ರ ಕಾಯ್ದೆ ಆದಾಗಿನಿಂದ ಅಧಿಕೃತ ಭಾಷೆಗಳು ಎರಡೇ, ಇಂಗ್ಲಿಷು ಮತ್ತು ಫ್ರೆಂಚು. ಇತ್ತ ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿಗೆ ಹೋಗಿ ಕಲಿತು, ಇಂಗ್ಲಿಷ್ ಪ್ರಾಧ್ಯಾಪಕರಾದ ವಿ.ಕೃ. ಗೋಕಾಕರೇ 1981ರ ವರದಿಯಲ್ಲಿ ಪ್ರೌಢಶಾಲೆಗೆ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕ ಇರಲಿ ಎಂದು ಬರೆದುಕೊಟ್ಟರು. ಅದು ಜಾರಿಯಾಗಲೆಂದು ಊರೂರು ಬೀದಿಗಿಳಿಯಿತು. ಆದರೆ ಆ ಚಳವಳಿಯ ಸದ್ದು ಒಟ್ಟಾವಾದವರೆಗೆ ಮುಟ್ಟಲಿಲ್ಲ. ಅಲ್ಲಿನ ಕಾಲಮ್ಮಿನಲ್ಲಿ ಅಕ್ಕನ 121ಕ್ಕೆ ಜಾಗವಿಲ್ಲ.

ಈಗ ಬ್ಯಾಡಗಿ ಸಿದ್ಧಾಂತ. ಇದು ಈ ಲೇಖಕನದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿದೆ.

2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸಿನಕಾಯಿಗೆ ಬೆಲೆ ಕಟ್ಟುವ ರೀತಿ ಹೀಗೆ: ರೈತ ಚೀಲದ ಬಾಯಿಗೆ ಕೆಂಪಗೆ ಹೊಳೆಯುವ ಸುಕ್ಕುಗಾಯಿ ಜೋಡಿಸಿರುತ್ತಾನೆ. ಖರೀದಿದಾರ ಅದನ್ನು ನೋಡಿಯೂ ನೋಡದವನಂತೆ ಮೊಣಕೈ ಮುಳುಗುವ ತನಕ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ಎತ್ತುತ್ತಾನೆ. ಒಂದು ಕಾಯಿ ಮುರಿಯುತ್ತಾನೆ. ಹಸಿ ಇದ್ದರೆ ಅದು ಪಟ್ಟನೆ ಮುರಿಯದೆ ಬಾಗುತ್ತದೆ. ಬಿಳಚಿದ್ದು ನಾಲ್ಕು ಕಂಡರೆ ಸಾಕು, ಇಡೀ ಲಾಟಿನ ಧಾರಣೆ ಆ ನಾಲ್ಕು ಕಾಯಿಯದು.

ಕೆನಡಾದವರೂ ಮೊಣಕೈ ಮುಳುಗಿಸುವವರೇ. ಒಟ್ಟು ಎಂಟೋ ಏಳೂವರೆಯೋ, ಅವರಿಗೆ ಅದು ಬೇಕಾಗಿಲ್ಲ. ನಾಲ್ಕು ಅಂಗಗಳನ್ನೂ ಬಿಡಿಬಿಡಿಯಾಗಿ ತೆಗೆದು ಸಿಎಲ್‌ಬಿ ಎಂಬ ತಮ್ಮ ಅಳತೆಗೆ ಹಾಕುತ್ತಾರೆ. ಅದರಲ್ಲಿ ಒಂಬತ್ತನೇ ಮೆಟ್ಟಿಲು ಹತ್ತಲು ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ಬೇಕು. ಎಂಟರ ಹಾಳೆಯಲ್ಲಿ ಬರವಣಿಗೆ 6.5, ಅದೊಂದು ಕಾಲು ಎಂಟನೇ ಮೆಟ್ಟಿಲಲ್ಲೇ ಉಳಿಯಿತು. ಏಳೂವರೆ ಹಾಳೆಯಲ್ಲಿ ನಾಲ್ಕೂ ಕಾಲು ಒಂಬತ್ತರ ಮೇಲಿವೆ.

ಲೆಕ್ಕ ರೊಕ್ಕದಷ್ಟೇ ಕಟ್ಟುನಿಟ್ಟು. ಒಂಟಿ ಅರ್ಜಿದಾರನಿಗೆ ಎಂಟನೇ ಮೆಟ್ಟಿಲಿಗೆ 23, ಒಂಬತ್ತಕ್ಕೆ 31, ಹತ್ತಕ್ಕೂ ಮೇಲಕ್ಕೂ 34 ಅಂಕ. ಎಂಟರ ಹಾಳೆಗೆ 34, 34, 23, 31 ಸೇರಿ 122. ಏಳೂವರೆ ಹಾಳೆಗೆ ನಾಲ್ಕು ಮೂವತ್ತೊಂದಲೆ 124. ಎರಡೇ ಅಂಕದ ಫರಕು ಎಂದು ಪೂರ್ವಪಕ್ಷದವರು ಗುರುಗುಟ್ಟಿದರು. ತಡೆಯಿರಿ. ಸ್ನಾತಕೋತ್ತರ ಪದವಿ ಮತ್ತು ಹೊರದೇಶದ ಮೂರು ವರ್ಷದ ಅನುಭವ, ಇವೆರಡನ್ನೂ ಭಾಷೆಯ ಜೊತೆ ಕೂಡಿಸಿ ಬೇರೆ ಅಂಕ ಕೊಡುತ್ತಾರೆ. ನಾಲ್ಕರಲ್ಲಿ ಒಂದು ಅಂಗ ಒಂಬತ್ತಕ್ಕಿಂತ ಕೆಳಗಿದ್ದರೂ ತಲಾ 25. ನಾಲ್ಕೂ ಒಂಬತ್ತು ಮುಟ್ಟಿದರೆ ತಲಾ 50. ಅಲ್ಲಿಗೆ ಎಂಟಕ್ಕಿಂತ ಏಳೂವರೆ ಒಟ್ಟು 52 ಅಂಕ ಹೆಚ್ಚು.

ರಾಣೇಬೆನ್ನೂರು ಸಂಪ್ರದಾಯದವರು, ಅಂದರೆ ಬೀಜದ ವ್ಯವಹಾರದಲ್ಲಿರುವ ನಮ್ಮ ಭಾವ, ಇಷ್ಟು ಹೊತ್ತು ಸುಮ್ಮನಿದ್ದವರು ಕೆಮ್ಮಿದರು. ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡಿಸಿ ಗೊತ್ತಿರುವ ಜನ. "ಮೊದಲನೇದ್ರಾಗಿಂದ ಕೇಳೋದು, ಓದೋದು ತಗೊಳ್ಳೋದು. ಎರಡನೇದ್ರಾಗಿಂದ ಬರಿಯೋದು. ಕ್ರಾಸ್ ಮಾಡಿದ್ರ ಮುಗೀತಲ್ಲ?"

ತಳಿಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಎದುರು ಮಾತಿಲ್ಲ. ಆದರೆ ನಾಲ್ಕೂ ಅಂಗ ಒಂದೇ ಹಾಳೆಯವಾಗಿರಬೇಕು. ಒಂದೇ ಅಂಗವನ್ನು ಮತ್ತೆ ಬರೆಯುವ ಸೌಲಭ್ಯ ಐಇಎಲ್‌ಟಿಎಸ್‌ನಲ್ಲಿದ್ದರೂ ಕೆನಡಾ ಅದನ್ನು ಎಣಿಸುವುದಿಲ್ಲ. ಕೆನಡಾಕ್ಕೆ ಜವಾರಿಯೇ ಆಗಬೇಕು, ಹೈಬ್ರಿಡ್ ನಡೆಯದು. ಭಾವ ಸೋತವರಂತೆ ಕಾಣಲಿಲ್ಲ, ಹಾಳೆ ತಿರುವಿ, "ಮುಗಿಯೋ ತಾರೀಖು ಎಲ್ಲೈತಿ?" ಎಂದರು. ಬೀಜದ ಪಾಕೀಟು ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಪರೀಕ್ಷೆಯ ಫಲಕ್ಕೆ ಎರಡೇ ವರ್ಷ ಆಯುಸ್ಸು. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿ ದೊಡ್ಡದೋ ಭತ್ತ ದೊಡ್ಡದೋ ಎಂಬ ಜಗಳ ತೀರದೆ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿದರು. ಭತ್ತ ಕಂದಿತು, ರಾಗಿ ಗಟ್ಟಿಯಾಗಿ ಉಳಿಯಿತು. ನಮ್ಮ ಎರಡು ಹಾಳೆಗಳನ್ನು ಎರಡು ವರ್ಷ ಸೆರೆಗೆ ಹಾಕಿದರೆ ಎರಡೂ ಭತ್ತವೇ.

ಹೀಗೆ ಏಳೂವರೆ ಗೆದ್ದಿತು. ಅಕ್ಕನ ಶನಿಶಂಕೆಗೆ ಎಳ್ಳೆಣ್ಣೆಯ ದೀಪವೇ ಪರಿಹಾರವೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಹುಡುಗ ತಾನಾಗಿಯೇ ಒಂದು ಅಧಿಕರಣ ಬಿಚ್ಚಿದ: ಹೆಂಡತಿಯೊಡನೆ ಹೋಗುವವನಿಗೆ ಒಂಬತ್ತನೇ ಮೆಟ್ಟಿಲಿಗೆ 31ರ ಬದಲು 29ರಂತೆ, 124 ಹೋಗಿ 116 ಆಗುತ್ತದೆ.

"ಲಗ್ನ ಆದ್ರ ಇಂಗ್ಲಿಷ್ ಕಡಿಮಿ ಆಗ್ತೈತೇನು?" ಎಂದಳು ಅಕ್ಕ. ಮದುವೆಯಾಗಿ ಇಪ್ಪತ್ತು ಮೂವತ್ತು ವರ್ಷ ಕಳೆದಿದ್ದ ಮೂರೂ ಸಂಪ್ರದಾಯಗಳು ಈ ಪ್ರಶ್ನೆಗೆ ಒಮ್ಮತದಿಂದ ಸುಮ್ಮನಿದ್ದವು. ಹುಡುಗಿಯೂ ಪರೀಕ್ಷೆ ಬರೆದರೆ ಅವಳ ಭಾಷೆಗೆ 20ರವರೆಗೆ ಸಿಗುತ್ತದೆ ಎಂದು ಅಳಿಯ ಸಮಾಧಾನ ಹೇಳಿದ. ಅಂದಿನಿಂದ ಅಕ್ಕ 36 ಗುಣ ಕೂಡಿಸುವಲ್ಲಿ ಇದನ್ನೂ ಸೇರಿಸಿಕೊಂಡಿದ್ದಾಳೆ.

ಏಳೂವರೆ ಕೆನಡಾಕ್ಕೆ ಹೋಯಿತು. ಎಂಟರ ಹಾಳೆಯನ್ನು ಅಕ್ಕ ರಾಣೇಬೆನ್ನೂರಿನಲ್ಲಿ ಲ್ಯಾಮಿನೇಟ್ ಮಾಡಿಸಿ, ಜಾತಕದ ಜೊತೆ ಹೆಣ್ಣಿನ ಕಡೆಯವರಿಗೆ ತೋರಿಸಲು ಇಟ್ಟುಕೊಂಡಳು. ಮೊನ್ನೆ ಬಂದ ಸಂಬಂಧ ಬ್ಯಾಡಗಿಯದೇ, ಹುಡುಗಿಯ ತಂದೆ ಮೆಣಸಿನಕಾಯಿ ಖರೀದಿದಾರರು. ಅವಲಕ್ಕಿ ತಟ್ಟೆ ಬದಿಗಿಟ್ಟು, ಹಾಳೆ ಕೈಗೆ ತಗೊಂಡು, ಮೇಲಿನ 9 ಬಿಟ್ಟರು, ಕೆಳಗಿನ 8 ಬಿಟ್ಟರು, ಬೆರಳು ಸೀದಾ ನಡುವಿಗೆ ಇಳಿಯಿತು.

"ಇದ್ಯಾಕ್ರಿ ಆರೂವರಿ?"