ಬಾಡಿಗೆ ಗಾಡಿ, ಸ್ವಂತ ಮೊಣಕಾಲು

ಡಿಸೆಂಬರ್ ಬಂತೆಂದರೆ ಕುಮಟೆಯ ನಮ್ಮ ಮನೆಗೆ ಬೆಂಗಳೂರಿನ ನೆಂಟರ ಫೋನು ಶುರು. ಮಳೆ, ಅಡಿಕೆ, ಅತ್ತೆಯ ಮಂಡಿನೋವು ಎಲ್ಲ ಒಂದೇ ಉಸಿರಿನಲ್ಲಿ ಮುಗಿದು ಅಸಲು ವಿಷಯ ಹೊರಬೀಳುತ್ತದೆ. “ಗೋಕರ್ಣದಲ್ಲಿ ಸ್ಕೂಟರ್ ಬಾಡಿಗೆಗೆ ತಗೋಬಹುದಾ?” ಇದನ್ನು ಕೇಳುವ ಹೊತ್ತಿಗೆ ಅವರು ಗಾಡಿ ಬುಕ್ ಮಾಡಿಯೂ ಆಗಿರುತ್ತದೆ. ಮುಂದೇನಾದರೂ ಎಡವಟ್ಟಾದರೆ “ನೀವೇ ಹೇಳಿದ್ರಲ್ಲ” ಎನ್ನಲು ಊರಿನವನೊಬ್ಬ ಬೇಕು, ಅಷ್ಟೇ.

ನಾನು ಒಂದಿಷ್ಟು ರಾಗ ಎಳೆದರೆ ತಕ್ಷಣ ಸಿಲ್ಕ್ ಬೋರ್ಡ್ ಹಾಜರಾಗುತ್ತದೆ. “ಸಿಲ್ಕ್ ಬೋರ್ಡ್‌ನಲ್ಲಿ ಓಡಿಸಿದವರಿಗೆ ನಿಮ್ಮ ಗುಡ್ಡ ಯಾವ ಲೆಕ್ಕ?” ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಓಡಿಸಿದವರನ್ನು ನಾನಿನ್ನೂ ನೋಡಿಲ್ಲ, ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ. ಸಪಾಟು ರಸ್ತೆಯಲ್ಲಿ ಒಂದು ಕಾಲೂರಿ ನಿಲ್ಲುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಒಪ್ಪಿದೆ. ಗೋಕರ್ಣದಲ್ಲಿ ಬೇಕಾದದ್ದು ಇಳಿಸುವ ವಿದ್ಯೆ. ಆತ್ಮಲಿಂಗ ಹೊತ್ತು ಬಂದ ರಾವಣನಿಗೂ ಈ ಊರಲ್ಲಿ ಕೈಕೊಟ್ಟದ್ದು ಕೆಳಗಿಳಿಸಿದ ವಿಷಯದಲ್ಲೇ ತಾನೆ!

ಪೇಟೆ, ರಥಬೀದಿ, ಕೋಟಿತೀರ್ಥದವರೆಗೆ ಮಗುವೂ ಓಡಿಸೀತು. ದನಗಳು ಅಡ್ಡ ಮಲಗಿರುತ್ತವೆ, ಆದ್ದರಿಂದ ವೇಗದ ಪ್ರಶ್ನೆಯೇ ಇಲ್ಲ. ಓಂ ಬೀಚಿಗೆಂದು ಊರು ಬಿಟ್ಟಮೇಲೆ ರಸ್ತೆ ಗುಡ್ಡ ಹತ್ತುತ್ತದೆ, ನೆತ್ತಿಯ ಮೇಲೆ ಗಾಳಿ ಕುಡಿಸುತ್ತದೆ, ಆಮೇಲೆ ಸಮುದ್ರದ ಕಡೆಗೆ ತಿರುಗಿ ತಿರುಗಿ ಇಳಿಯುತ್ತದೆ. ಸರಿಯಾಗಿ ತಿರುವಿನಲ್ಲೇ ನೀಲಿ ಕಡಲು ಕಾಣುತ್ತದೆ. ಪ್ರವಾಸಿ ಕಡಲು ನೋಡುತ್ತಾನೆ, ಎದುರಿನಿಂದ ಬರುವ ಪ್ರವಾಸಿಯೂ ಕಡಲನ್ನೇ ನೋಡುತ್ತಾನೆ. ರಸ್ತೆಯ ಅಂಚಿಗೆ ಮುರಕಲ್ಲಿನ ಕೆಂಪು ಚೂರು ಹರಡಿಕೊಂಡಿರುತ್ತದೆ. ಸ್ಕೂಟರಿನ ಹತ್ತು–ಹನ್ನೆರಡು ಇಂಚಿನ ಗಾಲಿ ಅದರ ಮೇಲೆ ಹೋಗಿ ಬ್ರೇಕ್ ಬಿದ್ದರೆ ಮುಗಿಯಿತು. ಮಳೆಗಾಲದಲ್ಲಿ ಇದರ ಮೇಲೆ ಪಾಚಿಯೂ ಸೇರುತ್ತದೆ, ಆ ಮಾತೇ ಬೇಡ.

ಗಾಡಿ ಕೊಡುವ ವಿಧಿಯೊಂದಿದೆ, ನೋಡಬೇಕು. ಬಾಡಿಗೆಯ ಹುಡುಗ ಮೊಬೈಲ್ ಹಿಡಿದು ಸ್ಕೂಟರಿಗೆ ಪ್ರದಕ್ಷಿಣೆ ಬರುತ್ತಾನೆ. ಮಡ್‌ಗಾರ್ಡಿನ ಗೀರು, ಕನ್ನಡಿಯ ಬಿರುಕು, ಸೈಲೆನ್ಸರಿನ ತಗ್ಗು, ಎಲ್ಲದರ ವಿಡಿಯೊ ಆಗುತ್ತದೆ. ಓಡಿಸುವವನ ಮೊಣಕಾಲಿನ ಫೋಟೊ ಯಾರೂ ತೆಗೆಯುವುದಿಲ್ಲ. ಬ್ರೇಕ್ ಹಿಡಿದು ನೋಡಿದವರನ್ನೂ ನಾನು ಕಾಣೆ. ಕೊನೆಗೆ ಕೇಳಿದರೆ ಮಾತ್ರ ಮೂಲೆಯಿಂದ ಒಂದು ಹೆಲ್ಮೆಟ್ ಬರುತ್ತದೆ. ನಾಲ್ಕಾರು ರಾಜ್ಯಗಳ ತಲೆಎಣ್ಣೆ ಕುಡಿದ ಹೆಲ್ಮೆಟ್ಟು. ಪಟ್ಟಿಗೆ ಕೊಂಡಿ ಇಲ್ಲ. ಹಿಂದೆ ಕೂರುವವರಿಗೆ? “ಇಲ್ಲಿ ಪೊಲೀಸರು ಹಿಡಿಯುದಿಲ್ಲ ಸರ್.” ರಸ್ತೆ ಹಿಡಿಯುತ್ತದಲ್ಲ ಮಾರಾಯ!

ಹೋದ ಸಲ ಹಾಗೆ ಹಿಂದೆ ಕೂತವನು ನಾನೇ, ನನ್ನ ಹೆಲ್ಮೆಟ್ ನಾನೇ ಮನೆಯಿಂದ ಒಯ್ದಿದ್ದೆ. ಮುಂದೆ ನನ್ನ ಭಾವ, ಲೆಕ್ಕಪತ್ರದವನು. ಗುಡ್ಡದ ನೆತ್ತಿ ಮುಟ್ಟುತ್ತಲೇ ಅವನಿಗೆ ಉಳಿತಾಯದ ಯೋಚನೆ ಬಂತು. ಇಳಿಜಾರಿಗೆ ಪೆಟ್ರೋಲ್ ಯಾಕೆ ಎಂದು ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿಬಿಟ್ಟ. ಗಾಡಿ ಕೊಂಬೆ ಬಿಟ್ಟ ಹಲಸಿನಕಾಯಿಯ ಹಾಗೆ ಹೊರಟಿತು. ಎರಡನೇ ತಿರುವಿನಲ್ಲಿ ಹಂಡಬಂಡ ಬಣ್ಣದ ದನವೊಂದು ಮೆಲುಕು ಹಾಕುತ್ತ ನಿಂತಿತ್ತು. ಭಾವ ಹಾರ್ನ್ ಒತ್ತಿದ. ಕೀಲಿಯೇ ಇಲ್ಲದ ಹಾರ್ನ್ ಕೂಗೀತೆ? “ಹೋಯ್! ಹೋಯ್!” ಎಂದು ಬಾಯಲ್ಲೇ ಕೂಗಿದ. ದನ ಅವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಎರಡೂ ಬ್ರೇಕು, ಎರಡೂ ಕಾಲು ಸೇರಿ ಗಾಡಿ ಹೇಗೋ ನಿಂತಾಗ ಭಾವನ ಎಡಗಾಲಿನ ಚಪ್ಪಲಿ ಹತ್ತು ಮಾರು ಮೇಲೆ, ರಸ್ತೆಯ ನಡುವೆ ಇತ್ತು. ಉಳಿದ ಪೆಟ್ರೋಲಿಗೂ ಹೊಸ ಚಪ್ಪಲಿಗೂ ಲೆಕ್ಕ ಹೊಂದಿಸಲು ಅವನಿಂದ ಇವತ್ತಿಗೂ ಆಗಿಲ್ಲ.

ಎಂಜಿನ್ ಚಾಲೂ ಇದ್ದರೂ ಗೇರಿಲ್ಲದ ಸ್ಕೂಟರು ಇಳಿಜಾರಿನಲ್ಲಿ ಅಷ್ಟೇನೂ ಆಧಾರವಲ್ಲ ಎನ್ನುವುದು ಬೇರೆ ಮಾತು. ಬೈಕಾದರೆ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಸ್ಕೂಟರಿನ ಕ್ಲಚ್ಚು ವೇಗ ಇಳಿದಂತೆ ತಾನಾಗಿ ಕೈಬಿಡುತ್ತದೆ, ಆಮೇಲೆ ಎಂಜಿನ್ನಿಗೂ ಗಾಲಿಗೂ ಸಂಬಂಧವಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ. ಗಾಡಿಯದೇ ನೂರು ಕಿಲೋ ಮೇಲೆ, ಅದರ ಮೇಲೆ ಗಂಡ, ಹೆಂಡತಿ, ನಡುವೆ ಮಗು, ಮುಂದೆ ಬ್ಯಾಗು. ಇಳಿಜಾರಿನುದ್ದಕ್ಕೂ ಬ್ರೇಕ್ ಹಿಡಿದೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಗಾಲಿಗೆ ಕೂಡಿ ಬ್ರೇಕ್ ಬೀಳುವ ಏರ್ಪಾಡೋ ಎಬಿಎಸ್ಸೋ ಕಡ್ಡಾಯವಾಯಿತು, ನಿಜ. ಬಾಡಿಗೆ ಗಾಡಿ ಯಾವ ಕಾಲದ್ದು ಎಂದು ಯಾರು ಕೇಳುತ್ತಾರೆ? ಕೇಳುವುದು ಬ್ಲೂಟೂತ್ ಸ್ಪೀಕರ್ ಇಡಲು ಜಾಗ ಇದೆಯಾ ಎಂದು.

ನಂಬರ್ ಪ್ಲೇಟನ್ನೂ ನೋಡಿಕೊಳ್ಳಿ ಎಂದರೆ ನೆಂಟರು ನನ್ನನ್ನು ಆರ್‌ಟಿಒ ಏಜೆಂಟನನ್ನು ನೋಡುವಂತೆ ನೋಡುತ್ತಾರೆ. ಪರವಾನಗಿ ಇರುವ ಬಾಡಿಗೆ ಗಾಡಿಗೆ ಕಪ್ಪು ಹಲಗೆ, ಹಳದಿ ಅಕ್ಷರ. ಬಿಳಿ ಹಲಗೆಯದ್ದು ಯಾರದೋ ಸ್ವಂತ ಗಾಡಿ; ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವ ಮೊದಲ ಜಾಗವೇ ಅದು.

ಇಷ್ಟು ಕೇಳಿ “ಹಾಗಾದ್ರೆ ಬೇಡ ಅಂತೀರಾ?” ಎನ್ನುತ್ತಾರೆ. ಎಲ್ಲರಿಗೂ ಬೇಡ ಎನ್ನಲಾರೆ. ನಮ್ಮೂರ ಮೀನು ಮಾರುವ ಹೆಂಗಸು ಹಿಂದೆ ಬುಟ್ಟಿ ಕಟ್ಟಿಕೊಂಡು ಇಂಥ ಇಳಿಜಾರನ್ನು ದಿನಾ ಇಳಿಯುತ್ತಾಳೆ, ತಿರುವಿಗೆ ಮೊದಲೇ ವೇಗ ತಗ್ಗಿಸುತ್ತಾಳೆ, ಪ್ರತಿ ತಿರುವಿಗೂ ಹಾರ್ನ್ ಒತ್ತುತ್ತಾಳೆ, ಕಡಲಿನ ಕಡೆ ಕತ್ತು ಹೊರಳಿಸುವುದಿಲ್ಲ. ಹಾಗೆ ಓಡಿಸಬಲ್ಲವರು ಧಾರಾಳವಾಗಿ ತಗೊಳ್ಳಲಿ, ಇಬ್ಬರಿಗೂ ಕೊಂಡಿ ಇರುವ ಹೆಲ್ಮೆಟ್ ಕೇಳಿ ಪಡೆಯಲಿ. ರಜೆಯಲ್ಲಿ ಮಾತ್ರ ಸ್ಕೂಟರ್ ನೆನಪಾಗುವವರು, ಮಕ್ಕಳನ್ನು ನಡುವೆ ಕೂರಿಸುವವರು, ನಮ್ಮ ಭಾವನಂಥ ಮಿತವ್ಯಯಿಗಳು ಆಟೊ ಹಿಡಿಯಿರಿ. ಅದೂ ದುಬಾರಿ ಎನಿಸಿದರೆ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುಹಾದಿ ಇದೆ, ಅರ್ಧ ಗಂಟೆಯ ನಡಿಗೆ. ಆ ಹಾದಿಯಲ್ಲಿ ಕಡಲನ್ನು ಎಷ್ಟು ಬೇಕಾದರೂ ನೋಡಬಹುದು. ನೀರಿನ ಬಾಟಲಿ ಒಯ್ಯಿರಿ, ಹಿಂದಕ್ಕೂ ತನ್ನಿ.