ಸಮಯದ ಅಭಾವದಿಂದ

ಬೇಲೆಕೇರಿಯಿಂದ ಅಂಕೋಲೆ ಪೇಟೆಯವರೆಗೆ ಒಂದು ಸುತ್ತು ಹಾಕಿ. ಕಲೆಗಾಗಿ ಕಟ್ಟಿದ ಸಂಘಗಳಿಗೆ ಬರವಿಲ್ಲ. ಒಂದು ಬಳಗ, ಒಂದು ವೇದಿಕೆ, ಒಂದು ಪ್ರತಿಷ್ಠಾನ. ಕಲಾವಿದರು ಬೇಕೆಂದರೆ ಮಾತ್ರ ಬೇರೆ ಕಡೆ ವಿಚಾರಿಸಬೇಕು.

ನಮ್ಮೂರ ಸಂಘಕ್ಕೆ ಅಧ್ಯಕ್ಷರಿದ್ದಾರೆ. ಗೌರವಾಧ್ಯಕ್ಷರಿದ್ದಾರೆ. ಕಾರ್ಯಾಧ್ಯಕ್ಷರಿದ್ದಾರೆ. ಇಬ್ಬರು ಉಪಾಧ್ಯಕ್ಷರು, ಕಾರ್ಯದರ್ಶಿ, ಸಹಕಾರ್ಯದರ್ಶಿ, ಸಂಘಟನಾ ಕಾರ್ಯದರ್ಶಿ, ಖಜಾಂಚಿ. ಇಷ್ಟಾದ ಮೇಲೂ ಮುನಿಸಿಕೊಂಡವರಿಗೆ ಸಲಹಾ ಸಮಿತಿ. ಇವರಲ್ಲಿ ಕುಂಚ ಹಿಡಿದವರು ಯಾರು ಎಂದು ಒಮ್ಮೆ ಕೇಳಿಬಿಟ್ಟೆ. ಖಜಾಂಚಿಗೆ ಸಿಟ್ಟು ಬಂತು. "ಹೋದ ವರ್ಷ ನಮ್ಮ ಕಂಪೌಂಡಿಗೆ ಬಣ್ಣ ಹೊಡೆದದ್ದು ಮತ್ಯಾರು ಮಾರಾಯ್ರೆ?"

ಸರಿ. ಒಬ್ಬರಾದರೂ ಇದ್ದಾರೆ.

ದೋಣಿಯ ಮೂತಿಗೆ ದೇವರ ಹೆಸರು ಬರೆಯುವ ಪೇಂಟರ್ ಸದಸ್ಯನಲ್ಲ. ಚೌತಿಗೆ ಮಣ್ಣಿನ ಗಣಪತಿ ಮಾಡಿಕೊಡುವವ ಸದಸ್ಯನಲ್ಲ. ಸುಗ್ಗಿಯ ತುರಾಯಿ ಕಟ್ಟುವ ಹಾಲಕ್ಕಿ ಗೌಡ ಅಂತೂ ಅಲ್ಲವೇ ಅಲ್ಲ. ಯಾಕೆ ಎಂದರೆ ಉತ್ತರ ತಯಾರಿದೆ: ಅವರದ್ದೆಲ್ಲ ಕಸುಬು, ನಮ್ಮದು ಕಲಾಸೇವೆ. ಕೆಲಸ ಬಲ್ಲವನದು ಕಸುಬು, ಕೆಲಸ ಬಾರದವನದು ಸೇವೆ.

ಆ ಪೇಂಟರ್ ಒಂದು ಕಾಲದಲ್ಲಿ ಸಂಘದ ಬೋರ್ಡನ್ನೂ ಬರೆಯುತ್ತಿದ್ದ. ಅಕ್ಷರಕ್ಕೆ ನೆರಳು ಕೊಟ್ಟು, ಮೂಲೆಯಲ್ಲೊಂದು ವೀಣೆ ಇಟ್ಟು. ಈಗ ಫ್ಲೆಕ್ಸ್ ಬಂದಿದೆ. ಅದರಲ್ಲಿ ವೀಣೆಗೆ ಜಾಗವಿಲ್ಲ, ಹದಿನಾಲ್ಕು ಪದಾಧಿಕಾರಿಗಳ ಮುಖಗಳೇ ಒತ್ತೊತ್ತಾಗಿ ನಿಂತಿವೆ. ಕಲೆಯನ್ನು ಉಳಿಸಿ ಎಂದು ಊರಿಗೆ ಹೇಳುವ ಫ್ಲೆಕ್ಸ್ ಅದು. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ. ನಮ್ಮೂರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಬಹುಶಃ ಫ್ಲೆಕ್ಸಿನಲ್ಲಿ ಬರೆಸಿ ಹಾಕಿದ್ದರೆ ತಲುಪುತ್ತಿತ್ತು.

ವಾರ್ಷಿಕೋತ್ಸವ. ಸಂಜೆ ಐದಕ್ಕೆ ಎಂದು ಆಮಂತ್ರಣ ಪತ್ರಿಕೆ. ಉದ್ಘಾಟಕರು ಬರುವುದು ಏಳಕ್ಕೆ. ಅಲ್ಲಿಯವರೆಗೆ ಮೈಕಿನವನು ಹಲೋ ಹಲೋ ಎನ್ನುತ್ತಿರುತ್ತಾನೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ. ಗಾಳಿಗೆ ದೀಪ ನಾಲ್ಕು ಸಲ ಆರುತ್ತದೆ. ಐದನೆಯ ಸಲ ಫೋಟೋ ಸಿಗುತ್ತದೆ. ಫೋಟೋ ಸಿಕ್ಕ ಮೇಲೆ ದೀಪ ಆರಿದರೆ ಯಾರಿಗೂ ಚಿಂತೆಯಿಲ್ಲ.

ಮೊದಲ ಭಾಷಣಕಾರರು ರವೀಂದ್ರನಾಥ ಠಾಗೋರರಿಂದ ಶುರು ಮಾಡುತ್ತಾರೆ. ಇದು ಠಾಗೋರರಿಗೆ ಸ್ಫೂರ್ತಿ ಕೊಟ್ಟ ಕಡಲು, ಇದು ಕಲೆಯ ನೆಲ ಇತ್ಯಾದಿ. ಬಂದಿದ್ದು ನಿಜ. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ. ಆಗಿನ್ನೂ ಇಪ್ಪತ್ತು ದಾಟಿದ ಹುಡುಗ. ಇಲ್ಲಿದ್ದಾಗಲೇ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಪುಣ್ಯಕ್ಕೆ ಆಗ ನಮ್ಮ ಸಂಘ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅಣ್ಣ ಜಡ್ಜ್ ಸಾಹೇಬರು ಉದ್ಘಾಟಕರು. ತಮ್ಮನಿಗೆ ಪ್ರಾರ್ಥನಾ ಗೀತೆ.

ಎರಡನೆಯವರು ದಿನಕರ ದೇಸಾಯಿಯವರನ್ನು ಎಳೆದು ತರುತ್ತಾರೆ. ಎಳೆಯಲಿ, ಅಂಕೋಲೆಯವರ ಹಕ್ಕು ಅದು. ಆದರೆ ಹೇಳಬೇಕಾದ್ದನ್ನು ನಾಲ್ಕು ಸಾಲಿನ ಚುಟುಕದಲ್ಲಿ ಹೇಳಿ ಮುಗಿಸಿದ ಕವಿಯ ಬಗ್ಗೆ ನಲವತ್ತು ನಿಮಿಷ ಮಾತಾಡಲು ಎಂಥ ಎದೆಗಾರಿಕೆ ಬೇಕು! ದೇಸಾಯರು ಗೇಣಿದಾರರನ್ನು ಸಂಘಟಿಸಿದರು, ಗಡೀಪಾರಾದರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದರು. ಭಾಷಣದಲ್ಲಿ ಅದ್ಯಾವುದೂ ಬರುವುದಿಲ್ಲ. ಅವರು ಭಾಷಣಕಾರರ ಅಜ್ಜನ ಮನೆಗೆ ಬಂದು ಚಹಾ ಕುಡಿದದ್ದು ಮಾತ್ರ ಬರುತ್ತದೆ.

ಸುಗ್ಗಿಯವರು ಎಲ್ಲಿ ಎನ್ನುತ್ತೀರಾ? ಬಂದಿದ್ದಾರೆ. ಮಧ್ಯಾಹ್ನವೇ ಬಂದಿದ್ದಾರೆ. ಹೋಳಿ ಹುಣ್ಣಿಮೆಗೆ ಮುಂಚೆ ದಿನಗಟ್ಟಲೆ ಊರೂರು ಸುತ್ತಿ ಮನೆಯಂಗಳದಲ್ಲಿ ಕುಣಿಯುವ ಜನ. ಬೆಂಡಿನ ಹೂವಿನ ತುರಾಯಿ ಹೊತ್ತರೆಂದರೆ ಅದೊಂದು ವ್ರತ. ಅದನ್ನು ನಮ್ಮ ಸಂಘ ಅತಿಥಿಗಳ ಕಾರಿನ ಮುಂದೆ ಕುಣಿಸುತ್ತದೆ. ಕಾರು ನಿಂತಿತು, ಕುಣಿತ ಮುಗಿಯಿತು. ಮತ್ತೆ ರಾತ್ರಿ ಹತ್ತೂವರೆಗೆ ವೇದಿಕೆಗೆ ಕರೆ. ಗುಮಟೆಗೆ ಪೆಟ್ಟು ಬಿದ್ದು ಎರಡು ನಿಮಿಷವಾಗಿಲ್ಲ, ನಿರೂಪಕರು ಮೈಕು ಹಿಡಿಯುತ್ತಾರೆ: "ಸಮಯದ ಅಭಾವದಿಂದ..."

ಭಾಷಣಕ್ಕೆ ಎಂದೂ ಬಾರದ ಅಭಾವ ಅದು. ಕುಣಿತಕ್ಕೆ ಮಾತ್ರ ಬರುತ್ತದೆ.

ಸಂಭಾವನೆ ಕೇಳಬೇಡಿ. ಒಂದು ಅವಲಕ್ಕಿ ಪೊಟ್ಟಣ, ಒಂದು ಪ್ರಮಾಣಪತ್ರ. ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ, 'ನೀವೇ ತುಂಬಿಕೊಳ್ಳಿ' ಎಂದರಂತೆ. ಮೇಳದ ಹಿರಿಯನನ್ನು ಕೇಳಿದೆ, ಬೇಜಾರಿಲ್ಲವೇ ಎಂದು. "ಎಂತ ಮಾಡುದು ಒಡೆಯ, ದೊಡ್ಡವರು ಕರೀತಾರೆ." ಶಾಮಿಯಾನದವನಿಗೆ ಮಾತ್ರ ಪೂರ್ತಿ ದುಡ್ಡು ಸಂದಿತ್ತು. ಅವನು ಮುಂಗಡ ತೆಗೆದುಕೊಳ್ಳದೆ ಕಂಬ ನೆಡುವುದಿಲ್ಲ.

ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಫೋಟೋ ಫ್ಲೆಕ್ಸಿನಲ್ಲಿ ದೊಡ್ಡದಾಗಿತ್ತು. 2017ರಲ್ಲಿ ಪದ್ಮಶ್ರೀ ಬಂದ ದಿನದಿಂದ ಅವರು ಎಲ್ಲರಿಗೂ ಸುಕ್ರಜ್ಜಿಯಾದರು. ಅದಕ್ಕೆ ಮುಂಚೆ ಹಾಡುತ್ತಿದ್ದಾಗ ಇವರೆಲ್ಲ ಯಾರ ಅಂಗಳದಲ್ಲಿದ್ದರೋ. 2025ರ ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡರು. ಮೌನಾಚರಣೆ ಆಯಿತು, ಅದು ಸಂಘ ನಡೆಸಿದ ಅತ್ಯುತ್ತಮ ಕಾರ್ಯಕ್ರಮ. ಅಜ್ಜಿ ಹಾಡಿದ್ದಷ್ಟೇ ಅಲ್ಲ, ಊರಿನ ಸಾರಾಯಿ ಅಂಗಡಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಈ ಮಾತನ್ನು ಕಾರ್ಯದರ್ಶಿ ಗದ್ಗದಿತರಾಗಿ ಹೇಳಿದರು. ವಂದನಾರ್ಪಣೆ ಮುಗಿದದ್ದೇ ಪದಾಧಿಕಾರಿಗಳು ಹೆದ್ದಾರಿ ಬದಿಯ ಬಾರಿಗೆ ಹೊರಟರು. ಅಜ್ಜಿಯ ಫೋಟೋ ಇದ್ದ ಫ್ಲೆಕ್ಸನ್ನು ಮಡಚಿ ಅದೇ ಗಾಡಿಯ ಹಿಂದೆ ಹಾಕಿಕೊಂಡಿದ್ದರು.

ಹಾಲಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಟ್ಟಲೆ ಕೇಳುತ್ತಿದ್ದಾರೆ. ಸಿಕ್ಕಿಲ್ಲ. ಕಾರವಾರದ ಕಡಲತೀರದ ರಾಕ್ ಗಾರ್ಡನ್‌ನಲ್ಲಿ ಮಾತ್ರ ಜಿಲ್ಲೆಯ ಬುಡಕಟ್ಟುಗಳ ಮೂರ್ತಿಗಳಿಗೆ ಜಾಗ ಸಿಕ್ಕಿದೆ. ಮೂರ್ತಿ ಅರ್ಜಿ ಹಿಡಿದು ಬರುವುದಿಲ್ಲ. ನಮಗೆ ಅಂಥವರೇ ಇಷ್ಟ.

ಇನ್ನು ಕಾವಿ ಕಲೆ. ಈ ಮಾತು ಎತ್ತಿದರೆ ಅಧ್ಯಕ್ಷರ ಕಣ್ಣು ಒದ್ದೆಯಾಗುತ್ತದೆ.

ಕಾವಿ ನಮ್ಮ ಕರಾವಳಿಯ ಸ್ವಂತ ಆಸ್ತಿ. ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡಿ, ತೊಳೆದ ಮರಳು, ಬೆಲ್ಲ ಸೇರಿಸಿ, ಕುಟ್ಟಿ ಕುಟ್ಟಿ ಹದ ತಂದು ಗೋಡೆಗೆ ಮೆತ್ತುತ್ತಿದ್ದರು. ಅದರ ಮೇಲೆ ಕೆಂಪು ಕಾವಿಯ ಪದರ. ಹಸಿ ಆರುವ ಮುಂಚೆ ಚೂಪು ಕಬ್ಬಿಣದಿಂದ ಕೆರೆದರೆ ಕೆಂಪಿನೊಳಗಿಂದ ಬಿಳಿ ಗೆರೆ ಏಳುತ್ತದೆ. ಬಳ್ಳಿ, ಆನೆ, ದೇವರು, ಯುದ್ಧ. ಗೆರೆ ತಪ್ಪಿದರೆ ಅಳಿಸುವ ಹಾಗಿಲ್ಲ. ಕಡಲ ಗಾಳಿ, ಆಷಾಢದ ಮಳೆ ತಡೆದುಕೊಂಡು ತಲೆಮಾರುಗಟ್ಟಲೆ ನಿಂತ ಗೋಡೆಗಳಿವೆ. ಶಿರಸಿಯ ಮಾರಿಕಾಂಬೆಯ ಗುಡಿಯಲ್ಲಿ ಈಗಲೂ ನೋಡಬಹುದು. ಹೊನ್ನಾವರದ ಕೃಷ್ಣಾನಂದ ಕಾಮತರು ಕ್ಯಾಮೆರಾ ಹಿಡಿದು ಗುಡಿ ಗುಡಿ ಅಲೆದು ಇದನ್ನು ದಾಖಲಿಸದೇ ಹೋಗಿದ್ದರೆ, ಎಷ್ಟು ಹೋಯಿತು ಎಂಬ ಲೆಕ್ಕವೂ ನಮಗೆ ಸಿಗುತ್ತಿರಲಿಲ್ಲ. ಕಾಮತರು ಯಾವ ಸಂಘದ ಅಧ್ಯಕ್ಷರೆಂದೂ ಕೆಲಸ ಮಾಡಿದವರಲ್ಲ. ವಿಜ್ಞಾನ ಓದಿದವರು. ನೋಡುವ ಕಣ್ಣಿತ್ತು, ನಡೆಯುವ ಕಾಲಿತ್ತು.

ಮಳೆಯನ್ನು ತಡೆದುಕೊಂಡ ಕಾವಿಗೆ ಜೀರ್ಣೋದ್ಧಾರ ಸಮಿತಿಯನ್ನು ತಡೆದುಕೊಳ್ಳಲು ಆಗಲಿಲ್ಲ.

ನಮ್ಮ ಅಧ್ಯಕ್ಷರು ಶನಿವಾರ ಸಂಜೆ ಕಲಾಸಂಘದಲ್ಲಿ 'ನಶಿಸುತ್ತಿರುವ ಕಾವಿ ಕಲೆ' ಎಂದು ವಿಚಾರ ಸಂಕಿರಣ ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ಗುಡಿಯ ಜೀರ್ಣೋದ್ಧಾರ ಸಮಿತಿಯ ಸಭೆ. ಅಲ್ಲಿಯೂ ಅವರೇ ಅಧ್ಯಕ್ಷರು. ಹಳೆ ಗಾರೆ ಕೆತ್ತಿಸಿ, ಗೋಡೆಗೆ ಟೈಲ್ಸ್ ಹಾಕಿಸುವ ಠರಾವು. ಒಳಗೆ ಗ್ರಾನೈಟ್, ಹೊರಗೆ ಎನಾಮೆಲ್ ಪೇಂಟ್, ಬಾಗಿಲಲ್ಲಿ ದಾನಿಗಳ ಹೆಸರಿನ ಫಲಕ. ಕೆತ್ತುವಾಗ ಉದುರಿದ ಕೆಂಪು ಗಾರೆ ಟ್ರ್ಯಾಕ್ಟರಿನಲ್ಲಿ ಹೋಗಿ ರಸ್ತೆಯ ಹೊಂಡ ತುಂಬಿತು.

ನಾನು ಕೇಳಿದೆ, "ಅಲ್ಲ ಸ್ವಾಮಿ, ನಿನ್ನೆ ಅತ್ತಿರಿ, ಇವತ್ತು ಕೆಡವಿದಿರಿ?"

"ನಿನ್ನೆಯದು ಸಾಂಸ್ಕೃತಿಕ, ಇದು ಧಾರ್ಮಿಕ. ಎರಡನ್ನೂ ಬೆರೆಸಬಾರದು. ಮತ್ತೆ ಟೈಲ್ಸ್ ಆದರೆ ಒರೆಸಲಿಕ್ಕೆ ಅಡ್ಡಿಲ್ಲ ನೋಡಿ."

ಅಡ್ಡಿಲ್ಲ. ಒಂದು ಕಲೆಯನ್ನೇ ಒರೆಸಿ ಹಾಕಿದರಲ್ಲ.

ಅದಕ್ಕಿಂತ ಹೆಚ್ಚು ನನ್ನ ಮೈ ಉರಿಯುವುದು ಮಕ್ಕಳ ಚಿತ್ರಕಲಾ ಸ್ಪರ್ಧೆಯಲ್ಲಿ. ವಿಷಯ: ನಮ್ಮೂರ ಪ್ರಕೃತಿ. ನಮ್ಮೂರಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಿ. ಹಾಳೆಯಲ್ಲಿ ಮಾತ್ರ ಎರಡು ತ್ರಿಕೋನ ಗುಡ್ಡಗಳ ನಡುವೆ ಇಣುಕುತ್ತಾನೆ, ಕೆಳಗೊಂದು ಹೊಳೆ, ದಡದಲ್ಲೊಂದು ಹಂಸ. ಬೇಲೆಕೇರಿಯಲ್ಲಿ ಹಂಸ ಕಂಡವರು ಕೈ ಎತ್ತಿ. ಮೀನುಗಾರರ ಮನೆಯ ಹುಡುಗಿಯೊಬ್ಬಳು ದೋಣಿ ಬರೆದಳು. ಬಂದರು ಬರೆದಳು. ಬಂದರಿನಲ್ಲಿ ಕೆಂಪು ರಾಶಿ ಬರೆದಳು, ಅಪ್ಪ ಹೇಳಿದ್ದಿರಬೇಕು. ತೀರ್ಪುಗಾರರು ಮುಖ ಸಿಂಡರಿಸಿದರು. "ಹಸಿರೇ ಇಲ್ಲವಲ್ಲ ಮಗಾ." ಬಹುಮಾನ ಹಂಸಕ್ಕೆ ಹೋಯಿತು.

ಆ ಕೆಂಪು ರಾಶಿಯೇ ನಮ್ಮೂರ ಹೆಸರನ್ನು ದೇಶಕ್ಕೆಲ್ಲ ತಲುಪಿಸಿದ್ದು. 2010ರಲ್ಲಿ ಬಂದರಿನಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡ ಕಬ್ಬಿಣದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಕಾಣೆಯಾಯಿತು. ಸೀಲು ಹಾಕಿದ್ದು ಹಾಕಿದ ಹಾಗೆ, ಅದಿರು ಮಾತ್ರ ಹಡಗು ಹತ್ತಿತ್ತು. ಮುಟ್ಟುಗೋಲು ಹಾಕಿದ ಅರಣ್ಯಾಧಿಕಾರಿಯ ಅಮಾನತಿನ ಗಲಾಟೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಬರೆದರು, ಆಮೇಲೆ ಹಿಂತೆಗೆದುಕೊಂಡರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಈ ಪ್ರಕರಣದ ಆರೋಪಿಗಳಿಗೆ ಶಿಕ್ಷೆ ಕೊಟ್ಟಿತು, ಮರುತಿಂಗಳು ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಗುಡ್ಡದಷ್ಟು ಎತ್ತರದ ರಾಶಿಯನ್ನು ಊರ ಕಣ್ಣೆದುರೇ ಇಲ್ಲವಾಗಿಸುವುದೆಂದರೆ ಸಾಮಾನ್ಯವೇ? ಅಷ್ಟು ದೊಡ್ಡ ಕೈಚಳಕವನ್ನು ಬೇಲೆಕೇರಿ ಅದಕ್ಕೆ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಇಂಥದ್ದರ ಮೇಲೆ ಒಂದು ನಾಟಕ ಇಲ್ಲ. ಒಂದು ಚಿತ್ರ ಇಲ್ಲ. ಒಂದು ಚುಟುಕ ಕೂಡ ಇಲ್ಲ. ಲಾರಿಗಳು ಧೂಳು ಎಬ್ಬಿಸಿ ಊರನ್ನೇ ಕೆಂಪಾಗಿಸಿದ ವರ್ಷಗಳಲ್ಲಿ ಸಂಘ ಜಲವರ್ಣದ ಶಿಬಿರ ನಡೆಸುತ್ತಿತ್ತು. ಯಾಕೆ ಸುಮ್ಮನಿದ್ದಿರಿ ಎಂದರೆ, "ಸಂಘ ರಾಜಕೀಯ ಮಾಡುವುದಿಲ್ಲ." ಸರಿ, ಮಾಡಬೇಡಿ. ಆದರೆ ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಕೂತವರು ಯಾರು? ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗಲಿರುವವರು, ಪಂಚಾಯಿತಿ ಅಧ್ಯಕ್ಷರು, ಗುತ್ತಿಗೆದಾರರು. ರಾಜಕೀಯದಲ್ಲಿಲ್ಲದವನೆಂದರೆ ಮೈಕಿನವನೊಬ್ಬನೇ. ಅವನು ನಿಂತಿದ್ದ.

ಈಗ ಪಕ್ಕದ ಕೇಣಿಯಲ್ಲಿ ಇನ್ನೊಂದು ದೊಡ್ಡ ಬಂದರಿನ ಯೋಜನೆ. 2025ರ ಆರಂಭದಲ್ಲೇ ಮೀನುಗಾರರು ಬೀದಿಗಿಳಿದರು. ಹೆಂಗಸರು ಕಡಲಿಗಿಳಿದು ನಿಂತರು. ಬಲೆ ಎಲ್ಲಿ ಒಣಗಿಸುವುದು, ದೋಣಿ ಎಲ್ಲಿ ಎಳೆಯುವುದು ಎಂದು ಕೇಳುತ್ತಿದ್ದಾರೆ. ನಮ್ಮ ಸಂಘವೂ ತುರ್ತು ಸಭೆ ಕರೆಯಿತು. ಸಂತೋಷವಾಯಿತು, ಕೊನೆಗೂ ಇವರಿಗೆ ಬೆನ್ನುಮೂಳೆ ಬಂತು ಎಂದುಕೊಂಡೆ. ಸಭೆಯ ವಿಷಯ ಬೇರೆ ಇತ್ತು. ಬಂದರು ಬಂದೇ ಬಿಟ್ಟರೆ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಸ್ವಾಗತ ಗೀತೆ ಯಾರದ್ದು, ಪೂರ್ಣಕುಂಭ ಯಾರದ್ದು, ಸುಗ್ಗಿಯವರನ್ನು ಎಲ್ಲಿ ನಿಲ್ಲಿಸುವುದು?

ಮೊದಲೆರಡರ ಮೇಲೆ ಜಗಳವಾಗಿ ಸಂಘ ಎರಡು ಹೋಳಾಯಿತು. ಮೂರನೆಯದರ ಬಗ್ಗೆ ಎರಡೂ ಬಣಗಳಿಗೆ ಒಂದೇ ಅಭಿಪ್ರಾಯ: ಗೇಟಿನ ಹೊರಗೆ.