ಅರ್ಧ ಅಡಿಯ ಗೆರೆ

ನಮ್ಮ ಅಪಾರ್ಟ್‌ಮೆಂಟಿಗೆ ಪಿಕಲ್‌ಬಾಲ್ ಹುಚ್ಚು ಹಿಡಿದಿದೆ. ಬೆಂಗಳೂರಿಗೇ ಹಿಡಿದಿದೆ ಎನ್ನಿ. ಖಾಲಿ ಸೈಟು ಕಂಡರೆ ಸಾಕು, ತಾರಸಿ ಕಂಡರೂ ಸಾಕು, ನೀಲಿ ಬಣ್ಣ ಬಳಿದು, ನೆಟ್ ಕಟ್ಟಿ, ಲೈಟು ಹಾಕಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾರೆ. ನಾವೇನು ಕಮ್ಮಿ ಅಂತ ನಮ್ಮ ಅಸೋಸಿಯೇಷನ್ನೂ ಮೀಟಿಂಗ್ ಕರೆಯಿತು.

ಕೋರ್ಟು ಬೇಕು ಅನ್ನುವುದಕ್ಕೆ ಒಬ್ಬರದೂ ತಕರಾರಿಲ್ಲ. ಎಲ್ಲಿ ಅನ್ನುವುದರಲ್ಲೇ ರಗಳೆ. ಎ ಬ್ಲಾಕಿನವರು ಬಿ ಬ್ಲಾಕಿನ ಕೆಳಗೆ ಅಂದರು. ಬಿ ಬ್ಲಾಕಿನವರು ಅದನ್ನು ಧಾರಾಳವಾಗಿ ಸಿ ಬ್ಲಾಕಿಗೆ ದಾನ ಮಾಡಿದರು. ಕಾರಣ ಸದ್ದು. ಗಟ್ಟಿ ಪ್ಯಾಡಲ್ಲಿಗೆ ತೂತಿನ ಪ್ಲಾಸ್ಟಿಕ್ ಚೆಂಡು ಬಡಿದಾಗ ಬರುವ ಆ ‘ಟಕ್’ ಇದೆಯಲ್ಲ, ಅದು ಮುಚ್ಚಿದ ಕಿಟಕಿಯನ್ನೂ ದಾಟಿ ಬರುತ್ತದೆ. ಅಮೆರಿಕದಲ್ಲಿ ಇದೇ ಸದ್ದಿಗಾಗಿ ನೆರೆಹೊರೆಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ.

ತಮಾಷೆ ಏನೆಂದರೆ, ಈ ಆಟ ಹುಟ್ಟಿದ್ದೇ ಕಾಸು ಖರ್ಚಿಲ್ಲದೆ. 1965ರ ಬೇಸಿಗೆ, ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪ. ಜೋಯೆಲ್ ಪ್ರಿಚರ್ಡ್ ಎಂಬ ರಾಜಕಾರಣಿಯ ಮನೆಯ ಅಂಗಳದಲ್ಲಿ ಹಳೆಯದೊಂದು ಬ್ಯಾಡ್ಮಿಂಟನ್ ಕೋರ್ಟಿತ್ತು, ಆಡುವ ಸಾಮಾನು ಪೂರ್ತಿ ಇರಲಿಲ್ಲ. ಅವರೂ ಸ್ನೇಹಿತ ಬಿಲ್ ಬೆಲ್ಲೂ ಟೇಬಲ್ ಟೆನಿಸ್ ಬ್ಯಾಟು, ತೂತಿನ ಚೆಂಡು ಹುಡುಕಿ ತಂದರು, ನೆಟ್ ಕೆಳಗಿಳಿಸಿದರು, ಮನೆಮಂದಿಯನ್ನೆಲ್ಲ ಆಟಕ್ಕಿಳಿಸಿದರು. ಬಾರ್ನಿ ಮೆಕ್ಕಲಂ ಎಂಬ ಇನ್ನೊಬ್ಬ ಗೆಳೆಯ ಪ್ಲೈವುಡ್ಡಿನಲ್ಲಿ ಪ್ಯಾಡಲ್ ಕೊಯ್ದುಕೊಟ್ಟ. ಅಂದರೆ ಇದು ಇದ್ದುದರಲ್ಲೇ ಸುಧಾರಿಸಿಕೊಂಡವರ ಆಟ. ನಮ್ಮಲ್ಲಿ ಅದಕ್ಕೆ ಮೂರು ಕೊಟೇಶನ್ನು, ಒಂದು ಉಪಸಮಿತಿ.

ಸೆಕ್ರೆಟರಿ ಸಾಹೇಬರು ‘ರಿಕ್ರಿಯೇಶನ್ ಸೆಂಟರ್’ ಎಂಬ ಇನ್ನೂ ದೊಡ್ಡ ಕನಸನ್ನು ಪರದೆಯ ಮೇಲೆ ತೋರಿಸಿದರು. ನಮ್ಮಲ್ಲಿ ಆಗಲೇ ಒಂದು ಕ್ಲಬ್ ಹೌಸ್ ಇದೆ. ಅಲ್ಲಿನ ಟೇಬಲ್ ಟೆನಿಸ್ ಮೇಜಿನ ಮೇಲೆ ಗಣೇಶನ ಹಬ್ಬದಲ್ಲಿ ಪುಳಿಯೋಗರೆ ಪಾತ್ರೆ ಇಟ್ಟಿದ್ದರ ಎಣ್ಣೆಯ ವೃತ್ತ ಇನ್ನೂ ಹಾಗೇ ಇದೆ. ಚೆಂಡು ಅದರ ಮೇಲೆ ಬಿದ್ದರೆ ಜಾರುತ್ತದೆ. ಟ್ರೆಡ್‌ಮಿಲ್ಲು ವಾಚ್‌ಮನ್ನಿನ ಸ್ವೆಟರು ಒಣಗಿಸುತ್ತದೆ.

“ಸಾರ್, ಹಿಂದುಗಡೆ ಬ್ಯಾಡ್ಮಿಂಟನ್ ಕೋರ್ಟ್ ಇದ್ಯಲ್ಲ?” ಎಂದು ಕೇಳಿದೆ.

“ಅದು ಬ್ಯಾಡ್ಮಿಂಟನ್ ಕೋರ್ಟು ಕಣ್ರೀ,” ಎಂದರು, ತಿಳಿಯದವನಿಗೆ ತಿಳಿಸುವಂತೆ.

ಎರಡರ ಅಳತೆಯೂ ಒಂದೇ: ಉದ್ದ 44 ಅಡಿ, ಅಗಲ 20 ಅಡಿ. ಬ್ಯಾಡ್ಮಿಂಟನ್ನಿನ ಮುಂದಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿಯಲ್ಲಿದ್ದರೆ ಪಿಕಲ್‌ಬಾಲಿನದು ಏಳರಲ್ಲಿ. ಐದಡಿಯ ನೆಟ್ಟನ್ನು ನಡುವೆ 34 ಇಂಚಿಗೆ ಇಳಿಸಬೇಕು. ಅರ್ಧ ಅಡಿ ಆಚೆಗೊಂದು ಗೆರೆ, ಒಂದು ಡಬ್ಬಿ ಬಣ್ಣ. ಇಷ್ಟು ಹೇಳುವಷ್ಟರಲ್ಲಿ ಕಾಫಿ ಬಂತು. ಉಚಿತವಾಗಿ ಆಗುವ ಕೆಲಸಕ್ಕೆ ಮೀಟಿಂಗಿನಲ್ಲಿ ಮರ್ಯಾದೆ ಇರುವುದಿಲ್ಲ.

ಕೊನೆಗೆ ಆರಿಸಿದ್ದು ಡಿ ಬ್ಲಾಕಿನ ಹಿಂದಿನ ಮೈದಾನವನ್ನು. ಸಂಜೆ ಹುಡುಗರು ಕ್ರಿಕೆಟ್ ಆಡುವ ಜಾಗ ಅದು. ಅವರು ಮೀಟಿಂಗಿಗೆ ಬಂದಿರಲಿಲ್ಲ, ಅವರಿಗೆ ವೋಟೂ ಇಲ್ಲ.

ನಿಮ್ಮಲ್ಲೂ ಈ ಮೀಟಿಂಗು ನಡೆಯುತ್ತದೆ, ಇವತ್ತಲ್ಲ ನಾಳೆ. ದಯವಿಟ್ಟು ಕೈ ಎತ್ತುವ ಮೊದಲು ಒಂದು ಟೇಪು ತೆಗೆದುಕೊಂಡು ಹೋಗಿ ಇರುವ ಕೋರ್ಟನ್ನು ಅಳೆದು ನೋಡಿ.